ಕ್ರೆಡಿಟ್ ಕಾರ್ಡ್ ಸಾಲ ಇನ್ನೊಂದು ಕಾರ್ಡಿಗೆ ದಾಟಿಸೋರು ಇದನ್ನ ಓದಿ

ತುಮಕೂರಿನ ಸ್ನೇಹಿತರೇ, ತಂಗಿ ಮದುವೆಗೆ ಬಿ.ಹೆಚ್. ರಸ್ತೇಲಿ ಸೀರೆ, ಬಟ್ಟೆ ಅಂತ ಕಾರ್ಡ್ ಉಜ್ಜಿ ಉಜ್ಜಿ 60,000 ಬಾಕಿ ಮಾಡ್ಕೊಂಡಿದ್ದೆ, ತಿಂಗಳಿಗೆ 3.5% ಬಡ್ಡಿ ಅಂದ್ರೆ 2,100, ಅದ್ರ ಮೇಲೆ 18% ಜಿಎಸ್‌ಟಿ ಸೇರಿ 2,478, ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ದುಡ್ಡು) ಅಂತ 3,000 ಕಟ್ಟಿದ್ರೂ ಅಸಲಿಗೆ ಹೋಗ್ತಿದ್ದಿದ್ದು ಬರೀ 522 ರೂಪಾಯಿ. ಸ್ಟೇಟ್‌ಮೆಂಟ್ ಮುಂದಿಟ್ಕೊಂಡು ಲೆಕ್ಕ ಹಾಕಿದಾಗ ಎದೆ ಧಸಕ್ ಅಂತು.

ಆಮೇಲೆ ಬೇರೆ ಬ್ಯಾಂಕ್ ಕಾರ್ಡಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡ್ಸಿದೆ, ಅಂದ್ರೆ ಆ ಬಾಕೀನ ಅಲ್ಲಿಗೆ ದಾಟಿಸ್ದೆ, ತಿಂಗಳಿಗೆ 1%, ಆರು ತಿಂಗಳ ಇಎಂಐ. ಪ್ರೊಸೆಸಿಂಗ್ ಫೀ 2%, ಜಿಎಸ್‌ಟಿ ಸೇರಿ 1,416 ಆಯ್ತು, ಆದ್ರೂ ಲಾಭಾನೇ. ಝೀರೋ ಬಡ್ಡಿ ಅಂತ ಹೇಳಿದ್ರೂ ಫೀ ಎಷ್ಟು, ಆಫರ್ ಮುಗಿದ್ಮೇಲೆ ಉಳಿದ ದುಡ್ಡಿಗೆ ಬಡ್ಡಿ ಎಷ್ಟು ಅಂತ ಮೊದ್ಲು ಕೇಳಿ.

ಹಳೇ ಕಾರ್ಡಿಗೆ ದುಡ್ಡು ಜಮೆ ಆಗೋಕೆ ಕೆಲವು ದಿನ ಹಿಡಿಯತ್ತೆ, ಅಷ್ಟರಲ್ಲಿ ಡ್ಯೂ ಡೇಟ್ ಬಂದ್ರೆ ದಯವಿಟ್ಟು ಮಿನಿಮಮ್ ಆದ್ರೂ ಕಟ್ಬಿಡಿ, ಇಲ್ಲಾಂದ್ರೆ ಲೇಟ್ ಫೀ ಬೀಳತ್ತೆ, ಸಾಲ ಕೊಡೋ ಮುಂಚೆ ಬ್ಯಾಂಕೋರು ನೋಡೋ ಸಿಬಿಲ್ ಸ್ಕೋರೂ ಕೆಡಬಹುದು. ಹೊಸ ಕಾರ್ಡಲ್ಲಿ ಸಾಲ ತೀರೋವರ್ಗೂ ಏನೂ ಕೊಳ್ಬೇಡಿ, ಸಾಮಾನ್ಯವಾಗಿ ಸಿಗೋ ಬಡ್ಡಿ ಇಲ್ಲದ ದಿನಗಳು ಆಗ ಸಿಗದೇ ಇರಬಹುದು. ನಾನಂತೂ ಹಳೇ ಕಾರ್ಡ್ನ ಪೇಪರಲ್ಲಿ ಸುತ್ತಿ ಅಮ್ಮನ ಬೀರುಗೆ ಹಾಕ್ಸಿದೀನಿ.

ಟ್ರಾನ್ಸ್‌ಫರ್ ಮಾಡ್ಕೊಡ್ತೀವಿ ಅಂತ ಫೋನ್ ಮಾಡಿ ಒಟಿಪಿ ಕೇಳಿದ್ರೆ ಫೋನ್ ಇಟ್ಬಿಡಿ, ಕಾರ್ಡಿನ ಹಿಂದೆ ಇರೋ ನಂಬರಿಗೆ ನೀವೇ ಮಾಡಿ.