ತೊಗರಿ ಹೊಲಕ್ಕೆ ಡ್ರೋನ್: ಬ್ಯಾಟರಿ ಲೆಕ್ಕ ಹಾಕುವುದು ಹೇಗೆ?

ಹೋದ ವರ್ಷ ತೊಗರಿ ಹೂ ಬಿಟ್ಟಾಗ ಕಲಬುರಗಿ ಕಡೆಯ ಹೊಲವೊಂದರಲ್ಲಿ ಔಷಧಿ ಹೊಡೆಯುವ ಡ್ರೋನ್ ಬಿದ್ದಿದ್ದನ್ನು ನೋಡಿದೆ. ಯಂತ್ರ ಕೆಟ್ಟಿರಲಿಲ್ಲ. ಒಂದು ಎಕರೆ ಹೊಡೆದ ಬ್ಯಾಟರಿ ಮೇಲೆಯೇ ಹುಡುಗರು ಇನ್ನೊಂದು ಟ್ಯಾಂಕ್ ಔಷಧಿ ತುಂಬಿ ಹಾರಿಸಿದ್ದರು. ರಿಮೋಟ್‌ನಲ್ಲಿ 45 ಪರ್ಸೆಂಟ್ ಇತ್ತಂತೆ. ಎದೆಯೆತ್ತರದ ತೊಗರಿಯಲ್ಲಿ ಅದನ್ನು ಹುಡುಕಿ ತರುವಷ್ಟರಲ್ಲಿ ಒಬ್ಬನ ಅಂಗಿಯೆಲ್ಲ ಔಷಧಿಯಲ್ಲಿ ನೆಂದಿತ್ತು.

ಮೊದಲು ಜೋಡಿಗಳ ಲೆಕ್ಕ, ಅಂದರೆ ಡ್ರೋನಿಗೆ ಒಟ್ಟಿಗೆ ಹಾಕುವ ಎರಡೆರಡು ಬ್ಯಾಟರಿಗಳ ಲೆಕ್ಕ. 10 ಲೀಟರ್ ಡ್ರೋನಿಗೆ ಒಂದು ಟ್ಯಾಂಕ್ ಅಂದರೆ ಸುಮಾರು ಒಂದು ಎಕರೆ. ಹಾರಿ, ಇಳಿದು, ಮತ್ತೆ ತುಂಬಿಕೊಂಡು ಏಳಲು ಕಾಲು ಗಂಟೆ ಹಿಡಿಯಿರಿ. ಇಳಿದ ಬ್ಯಾಟರಿ ಆರಿ ಚಾರ್ಜ್ ಆಗಲು ಒಂದು ಗಂಟೆ. ಅಷ್ಟರಲ್ಲಿ ಇನ್ನೂ ನಾಲ್ಕು ಜೋಡಿ ಹಾರಿ ಬಂದಿರುತ್ತವೆ, ಹಾಗಾಗಿ ಐದು ಜೋಡಿ ಇರಲಿ. ಎರಡೇ ಜೋಡಿ ಇಟ್ಟುಕೊಂಡು ಹತ್ತು ಎಕರೆ ಒಪ್ಪಿಕೊಂಡವರು ಕೊನೆಗೆ ಬಿಸಿ ಬ್ಯಾಟರಿಯನ್ನೇ ಚಾರ್ಜರಿಗೆ ಸಿಕ್ಕಿಸುತ್ತಾರೆ.

ಹೊರಡುವ ಮುಂಚೆ ಬ್ಯಾಟರಿ ಸವರಿ ನೋಡಿ. ಉಬ್ಬಿದ್ದರೆ ಅದನ್ನು ಹಾರಿಸಲೇಬೇಡಿ.

ಈಗ ಎಲ್ಲರೂ ಎಡವುವ ಜಾಗ. ಪರ್ಸೆಂಟ್ ನಂಬಬೇಡಿ, ವೋಲ್ಟ್ ನೋಡಿ. 12 ಸೆಲ್‌ಗಳ ಜೋಡಿ ತುಂಬಿದಾಗ 50.4 ವೋಲ್ಟ್ ಇರುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಇದು ತುಂಬಾ ಹೊತ್ತು ನಿಧಾನಕ್ಕೆ ಇಳಿಯುತ್ತದೆ, ಕೊನೆಯಲ್ಲಿ ದಿಢೀರ್ ಕುಸಿಯುತ್ತದೆ. ಭಾರ ಹೊತ್ತಾಗ ಇನ್ನೂ ಬೇಗ. ನೆಲದ ಮೇಲೆ 46 ವೋಲ್ಟ್ ತೋರಿಸುವ ಬ್ಯಾಟರಿ 10 ಲೀಟರ್ ಹೊತ್ತು ಎದ್ದ ತಕ್ಷಣ 43ಕ್ಕೆ ಬರಬಹುದು. ಆ ಹುಡುಗರು ನೆಲದ ಮೇಲಿದ್ದ ಡ್ರೋನಿನ ಅಂಕಿ ನೋಡಿ ಮೋಸಹೋದರು. ಅದಕ್ಕೇ ಹೊಸ ಟ್ಯಾಂಕಿಗೆ ಹೊಸ ಜೋಡಿಯನ್ನೇ ಹಾಕಿ. ‘ಇನ್ನರ್ಧ ಎಕರೆ ತಾನೆ, ಆಗುತ್ತೆ’ ಅಂತ ರೈತರು ಒತ್ತಾಯಿಸಿದರೂ ಒಪ್ಪಬೇಡಿ. ಹಾರುತ್ತಿರುವಾಗ 44.4 ಕಂಡರೆ, ಅಂದರೆ ಸೆಲ್‌ಗೆ 3.7, ಟ್ಯಾಂಕಿನಲ್ಲಿ ಎಷ್ಟೇ ಉಳಿದಿರಲಿ ವಾಪಸ್ ಕರೆಸಿ.

ಇನ್ನೊಂದು ಮಾತು. ದೂರದ ಬದುವಿನಿಂದ ಶುರುಮಾಡಿ ನಿಮ್ಮ ಕಡೆಗೆ ಹೊಡೆಯುತ್ತ ಬನ್ನಿ. ಬ್ಯಾಟರಿ ಇಳಿದಷ್ಟೂ ಡ್ರೋನ್ ಹತ್ತಿರ ಬಂದಿರುತ್ತದೆ. ತಾನಾಗಿ ಮರಳುವ ವ್ಯವಸ್ಥೆ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ಅದು ನೆಟ್ಟಗೆ ಬರುತ್ತದೆ. ನಡುವೆ ಬೇವಿನ ಮರ, ಕರೆಂಟ್ ತಂತಿ ಇರುತ್ತವಲ್ವಾ? ಮರಳುವ ಎತ್ತರವನ್ನು ಅವಕ್ಕಿಂತ ಮೇಲೆ ಇಡಿ.

ಚಾರ್ಜ್ ಮಾಡುವುದು ನೆರಳಿನಲ್ಲಿ, ಬಯಲಲ್ಲಿ. ಗಾಡಿಯೊಳಗೆ ಬೇಡ. ಜನರೇಟರಿನ ಪೆಟ್ರೋಲ್ ಕ್ಯಾನ್ ಪಕ್ಕದಲ್ಲಂತೂ ಬೇಡವೇ ಬೇಡ. ಬೆಂಕಿ ಹತ್ತಿದರೆ ಸುರಿಯಲು ಒಣ ಮರಳಿನ ಬಕೆಟ್ ಕೈಗೆ ಸಿಗುವಂತಿರಲಿ. ಹೆಸರಿಲ್ಲದ ಅಗ್ಗದ ಬ್ಯಾಟರಿ ಕೊಳ್ಳಬೇಡಿ. ಚೀಟಿಯಲ್ಲಿ ಸಾಮರ್ಥ್ಯ 22000 ಎಂಎಎಚ್ ಅಂತಿರುತ್ತದೆ, ಹಾರಿಸಿದರೆ ಅಷ್ಟು ಬರುವುದಿಲ್ಲ.

2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಡ್ರೋನ್ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು.

ಕೆಲಸ ಮುಗಿದ ಮೇಲೆ ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಇಡಬೇಡಿ, ಸೆಲ್‌ಗೆ 3.8 ವೋಲ್ಟಿಗೆ ತಂದು ಇಡಿ. ಪ್ರತಿ ಜೋಡಿಯ ಮೇಲೂ ಮಾರ್ಕರಿನಿಂದ ನಂಬರ್ ಬರೆಯಿರಿ. ಯಾವ ಜೋಡಿ ಬೇಗ ಇಳಿಯುತ್ತಿದೆ ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರೆ, ಮುಂದಿನ ಹಂಗಾಮಿಗೆ ಯಾವುದನ್ನು ಬದಲಿಸಬೇಕು ಅಂತ ಮೊದಲೇ ಗೊತ್ತಾಗುತ್ತದೆ.