ಹಳೆಯ ಸಿಡಿ 100 ಎಂಜಿನ್‌ಗೆ ಹೊಸ ಟೈಮಿಂಗ್ ಚೈನ್

1985ರಲ್ಲಿ ಹರಿಯಾಣದ ಧಾರುಹೇರಾ ಕಾರ್ಖಾನೆಯಿಂದ ಹೊರಬಂದ ಹೀರೊ ಹೋಂಡಾ ಸಿಡಿ 100 ಬೈಕನ್ನು ಜೋಪಾನವಾಗಿ ಉಳಿಸಿಕೊಂಡವರು ಅದರ 97.2 ಸಿಸಿ ಎಂಜಿನ್ ಬಿಚ್ಚಿ ಬೋರ್ ಮಾಡಿಸುವಾಗ, ಪಿಸ್ಟನ್ ಮತ್ತು ರಿಂಗ್‌ಗಳಿಗೆ ಕೊಡುವಷ್ಟೇ ಗಮನವನ್ನು ಟೈಮಿಂಗ್ ಚೈನ್‌ಗೂ ಕೊಡಬೇಕು. ಕ್ರ್ಯಾಂಕ್‌ನ ತಿರುಗುವಿಕೆಯನ್ನು ಮೇಲಿನ ಕ್ಯಾಮ್‌ಗೆ ತಲುಪಿಸಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವುದು ಇದೇ; ಹಳೆಯ ಬುಲೆಟ್‌ನಲ್ಲಿ ಗೇರ್ ಮತ್ತು ಪುಷ್ ರಾಡ್‌ಗಳು ಮಾಡುವ ಕೆಲಸವನ್ನು ಇಲ್ಲಿ ಈ ಚೈನ್ ಮಾಡುತ್ತದೆ. ಆಯಿಲ್ ಪಂಪ್ ತಿರುಗುವುದೂ ಇದರಿಂದಲೇ.

ಚೈನ್ ಉದ್ದವಾಗಿದೆ ಎನ್ನುತ್ತೇವೆ, ಆದರೆ ಲೋಹ ಹಿಗ್ಗಿರುವುದಿಲ್ಲ. ಒಂದೊಂದು ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಸೇರಿ ಸಡಿಲವಾಗಿರುತ್ತದೆ. ಆಗ ಎಡಬದಿಯಿಂದ ಕಟಕಟ ಸದ್ದು ಕೇಳಿಸುತ್ತದೆ.

ಮೊದಲು ಎಣ್ಣೆ ಇಳಿಸಿ, ಎಡಬದಿಯ ಕವರ್ ಮತ್ತು ಹೆಡ್ ಮೇಲಿನ ಟ್ಯಾಪೆಟ್ (ವಾಲ್ವ್ ಸಂದು ಹೊಂದಿಸುವ ಜಾಗದ) ಮುಚ್ಚಳಗಳನ್ನು ತೆಗೆಯಿರಿ. ಕ್ರ್ಯಾಂಕ್ ತುದಿಯಲ್ಲಿರುವ ಚಕ್ರದಂಥ ಮ್ಯಾಗ್ನೆಟ್‌ನ ‘ಟಿ’ ಗುರುತು ಕೇಸಿನ ಗುರುತಿಗೂ ಕ್ಯಾಮ್ ಸ್ಪ್ರಾಕೆಟ್‌ನ ‘ಓ’ ಗುರುತು ಹೆಡ್‌ನ ಕಚ್ಚಿಗೂ ನೇರ ಬರುವಂತೆ ತಿರುಗಿಸಿ, ಸ್ಪ್ರಾಕೆಟ್ ಬೋಲ್ಟ್‌ಗಳನ್ನು ಬಿಚ್ಚಿ. ಬಳಿಕ ಹೆಡ್ ಮತ್ತು ಬ್ಲಾಕ್ ಇಳಿಸಿ, ಮ್ಯಾಗ್ನೆಟ್ಟನ್ನು ಪುಲ್ಲರ್‌ನಿಂದಲೇ ಎಳೆಯಬೇಕು, ಸುತ್ತಿಗೆ ಮುಟ್ಟಿಸಬಾರದು. ಅರ್ಧಚಂದ್ರಾಕಾರದ ಕೀಯನ್ನು ಜೋಪಾನ ಮಾಡಿ, ಕಾಯಿಲ್ ಪ್ಲೇಟ್ ತೆಗೆದರೆ ಚೈನ್ ಹೊರಬರುತ್ತದೆ. ಕ್ರ್ಯಾಂಕ್‌ಕೇಸ್ ಬಿಚ್ಚಬೇಕಿಲ್ಲ.

ಹೆಚ್ಚಿನವರು ತಪ್ಪುವುದು ಇಲ್ಲಿಂದ ಮುಂದೆ. ಹೊಸ ಚೈನನ್ನು, ಅದಕ್ಕೆ ದಾರಿ ತೋರುವ ಹಳೆಯ ರಬ್ಬರ್ ರೋಲರ್‌ಗಳ ಮೇಲೆ ಓಡಿಸಿದರೆ ಸದ್ದು ಬೇಗನೆ ಮರಳುತ್ತದೆ. ರೋಲರ್ ಕೈಯಲ್ಲಿ ಹಿಡಿದು ಉಗುರಿನಿಂದ ಒತ್ತಿ ನೋಡಿ: ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಚೈನ್ ಓಡಿದ ಜಾಗದಲ್ಲಿ ತಗ್ಗು ಬಿದ್ದಿದ್ದರೆ ಅದರ ಆಯಸ್ಸು ಮುಗಿದಿದೆ. ಆಯಿಲ್ ಜಾಲರಿಯಲ್ಲಿ ಸಿಗುವ ಕಪ್ಪು ಪುಡಿಯೂ ಬಹುಪಾಲು ಇದರದ್ದೇ. ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅದನ್ನೂ ಬದಲಿಸಿ. ಎಂಜಿನ್ ಅಡಿಯ ದೊಡ್ಡ ಬೋಲ್ಟ್ ಬಿಚ್ಚಿ ಚೈನನ್ನು ಬಿಗಿಯಾಗಿಡುವ ಟೆನ್ಷನರ್‌ನ ಸ್ಪ್ರಿಂಗ್ ಮತ್ತು ರಾಡ್ ತೆಗೆದು, ರಾಡ್‌ನ ರಬ್ಬರ್ ತಲೆಯನ್ನು ಪರೀಕ್ಷಿಸಿ. ಪೂರ್ತಿ ಕಿಟ್ ಹಾಕಿಸುವುದೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ.

ಜೋಡಿಸುವಾಗ ಹೊಸ ಚೈನ್‌ಗೆ ಎಣ್ಣೆ ಸವರಿ ಕ್ರ್ಯಾಂಕ್ ಹಲ್ಲುಗಳಿಗೆ ಕೂರಿಸಿ, ಮೇಲ್ತುದಿಗೆ ತಂತಿ ಕಟ್ಟಿ ಬ್ಲಾಕ್ ಮತ್ತು ಹೆಡ್ ಮೂಲಕ ಮೇಲಕ್ಕೆ ತನ್ನಿ. ತಂತಿಯಿಲ್ಲದೆ ಒಮ್ಮೆ ಒಳಕ್ಕೆ ಜಾರಿಸಿಕೊಂಡು ನಾನು ಬ್ಲಾಕನ್ನು ಮತ್ತೆ ಎತ್ತಬೇಕಾಯಿತು. ಹೆಡ್ ಬಿಗಿದ ಮೇಲೆ ಕಾಯಿಲ್ ಪ್ಲೇಟ್, ಕೀ ಮತ್ತು ಮ್ಯಾಗ್ನೆಟ್ ಹಾಕಿ, ‘ಟಿ’ ಮತ್ತು ‘ಓ’ ಗುರುತುಗಳೆರಡೂ ನೇರವಿರುವಂತೆ ಸ್ಪ್ರಾಕೆಟ್ ಕೂರಿಸಿ, ಟೆನ್ಷನರ್ ರಾಡಿಗೆ ಎಣ್ಣೆ ಹಾಕಿ ಸೇರಿಸಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುವುದರಿಂದ, ಮ್ಯಾಗ್ನೆಟ್ಟನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ. ನಡುವೆ ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.

ತಣ್ಣಗಿರುವಾಗಲೇ ಟ್ಯಾಪೆಟ್ ಸಂದನ್ನು 0.05 ಮಿ.ಮೀ.ಗೆ ಹೊಂದಿಸಿ, ಎಣ್ಣೆ ತುಂಬಿ. ಇಗ್ನಿಷನ್ ಆಫ್ ಇಟ್ಟು, ಪ್ಲಗ್ ತೆಗೆದು ಕಿಕ್ ಹೊಡೆಯುತ್ತಿರಿ. ಟ್ಯಾಪೆಟ್ ಕಿಂಡಿಯಲ್ಲಿ ಎಣ್ಣೆ ಕಾಣಿಸಿದ ಮೇಲೆ ಮುಚ್ಚಳ ಬಿಗಿದು, ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದು.