ಬೈಬಲ್ ವಾಕ್ಯಗಳನ್ನ ಮರೆಯದ ಹಾಗೆ ಬಾಯಿಪಾಠ ಮಾಡೋದು ಹೇಗೆ

ಸಂಡೆ ಸ್ಕೂಲಲ್ಲಿ ಪ್ರೈಜ್‌ಗೋಸ್ಕರ ವಾಕ್ಯ ಕಲಿತೋರು ತುಂಬ ಜನ ಇದೀವಿ. ಯೋಹಾನ 3:16 ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀವಿ, ಆದ್ರೆ ಅದರ ಪಕ್ಕದಲ್ಲೇ ಇರೋ 17ನೇ ವಚನ ಹೇಳಿ ಅಂದ್ರೆ ತಲೆ ಕೆರ್ಕೋತೀವಿ. "ನಂಗೆ ಜ್ಞಾಪಕಶಕ್ತಿ ಕಮ್ಮಿ" ಅಂತ ಸುಮ್ನೆ ಬೈಕೋಬೇಡಿ, ನೂರಾರು ಹಾಡು ಪಲ್ಲವಿ ಚರಣ ಸಮೇತ ಬರುತ್ತಲ್ಲ ನಿಮಗೆ. ಬಿಡಿ ಬಿಡಿ ವಾಕ್ಯ ಎತ್ಕೊಂಡು, ಹಿಂದೆ ಮುಂದೆ ಏನಿದೆ ನೋಡದೆ, ಒಂದ್ಸಲ ಒಪ್ಪಿಸಿ ಬಿಟ್ಟುಬಿಡ್ತೀವಲ್ಲ, ಅದಕ್ಕೇ ಉಳಿಯಲ್ಲ. ಹಾಗಾಗಿ ನಾನು ಹೇಳೋದು ಇಷ್ಟೇ, ಚಿಕ್ಕದಾದ್ರೂ ಸರಿ ಒಂದು ಪೂರ್ತಿ ಭಾಗ ತಗೊಳ್ಳಿ, ಅದನ್ನ ಪ್ರಾರ್ಥನೇಲಿ ಬಳಸೋಕೆ ಅಂತಾನೇ ಕಲೀರಿ.

ಮತ್ತಾಯ 4ರಲ್ಲಿ ಯೇಸುವಿಗೆ ಅಡವಿಯಲ್ಲಿ ಶೋಧನೆ ಬಂದಾಗ ಏನಾಯ್ತು ನೋಡಿ. ಮೂರು ಸಲವೂ ಆತ ವಾಕ್ಯದಿಂದಲೇ ಉತ್ತರ ಕೊಟ್ಟ, ಮೂರೂ ಧರ್ಮೋಪದೇಶಕಾಂಡದಿಂದ (8:3, 6:16, 6:13), ಅಂದ್ರೆ ಇಸ್ರಾಯೇಲ್ಯರು ಅರಣ್ಯದಲ್ಲಿ ಹಸಿದಿದ್ದು, ದೇವರನ್ನ ಪರೀಕ್ಷೆ ಮಾಡಿದ್ದು ಇವನ್ನೆಲ್ಲ ನೆನಪಿಸೋ ಭಾಗದಿಂದಾನೇ. ಸಂದರ್ಭಕ್ಕೆ ಸರಿಯಾಗಿ ಬಂತು ಮಾತು. ಇನ್ನೊಂದು ಕಡೆ ಸೈತಾನನಿಗೂ ವಾಕ್ಯ ಬಾಯಿಪಾಠ ಇತ್ತು ಅನ್ನೋದು ಮರೀಬಾರದು! ಕೀರ್ತನೆ 91:11-12 ಹೇಳಿದ, ಸರ್ಪವನ್ನ ತುಳಿಯೋ ಮಾತು ಬರೋ 13ನೇ ವಚನಕ್ಕೆ ಮುಂಚೆನೇ ನಿಲ್ಲಿಸಿದ. ಬರೀ ನೆನಪಿದ್ರೆ ವಿಶ್ವಾಸ ಬೆಳೆಯುತ್ತೆ ಅಂತೇನಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಯಾವ ಭಾಗದಿಂದ ಶುರು ಮಾಡೋದು ಅಂತ ತಲೆ ಕೆಡಿಸ್ಕೋಬೇಡಿ, ಈಗ ನಿಮ್ಮ ಜೀವನದಲ್ಲಿ ಏನು ನಡೀತಿದೆ ಅದಕ್ಕೆ ಹೊಂದೋದು ತಗೊಳ್ಳಿ. ಮನೇಲಿ ಮಾತು ಮಾತಿಗೂ ಸಿಟ್ಟು ಬರ್ತಿದೆ ಅಂದ್ರೆ ಯಾಕೋಬ 1:19-20, ಚಿಂತೆ ಜಾಸ್ತಿ ಆಗಿದ್ರೆ ಫಿಲಿಪ್ಪಿ 4:6-7, ಭಯ ಇದ್ರೆ ಕೀರ್ತನೆ 121, ಅದು ಎಂಟೇ ವಚನ. ಪೂರ್ತಿ ಅಧ್ಯಾಯ ಕಲಿತೆ ಅನ್ನೋ ಖುಷಿ ಬೇಗ ಬೇಕು ಅಂದ್ರೆ ಕೀರ್ತನೆ 117 ಇದೆ, ಎರಡೇ ವಚನ, ಬೈಬಲ್ಲಲ್ಲೇ ಅತಿ ಚಿಕ್ಕ ಅಧ್ಯಾಯ. 119ಕ್ಕೆ ಈಗ್ಲೇ ಕೈ ಹಾಕ್ಬೇಡಿ ದಯವಿಟ್ಟು, 176 ವಚನ ಇದೆ. ಭಾಷಾಂತರ ಯಾವುದಾದ್ರೂ ಪರವಾಗಿಲ್ಲ, ಚರ್ಚಲ್ಲಿ ಓದೋದನ್ನೇ ಇಟ್ಕೊಂಡ್ರೆ ಪ್ರತಿ ವಾರ ಕಿವಿಗೂ ಬೀಳುತ್ತೆ. ಆದ್ರೆ ಮಧ್ಯದಲ್ಲಿ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಎರಡೂ ಕಲಸಿಹೋಗುತ್ತೆ.

ಈಗ ಕಲಿಯೋದು. ಕೀರ್ತನೆ 23 ತಗೊಳ್ಳೋಣ, ಆರು ವಚನ. ಮೊದಲ ದಿನ ಬಾಯಿಪಾಠ ಮಾಡೋಕೆ ಹೋಗ್ಲೇಬೇಡಿ, ಪೂರ್ತಿ ಕೀರ್ತನೆಯನ್ನ ಜೋರಾಗಿ ನಾಲ್ಕೈದು ಸಲ ಓದಿ ಅಷ್ಟೇ. ಮನಸ್ಸಲ್ಲಿ ಓದಿದ್ರೆ ಕಣ್ಣು ಹಾರ್ಕೊಂಡು ಹೋಗಿಬಿಡುತ್ತೆ, ಬಾಯಿ ಹಾಗೆ ಬಿಡಲ್ಲ. ಮಾರನೇ ದಿನ ಮೊದಲನೇ ವಚನ ಕೈಯಲ್ಲಿ ಬರೀರಿ, ಆಮೇಲೆ ಅದರ ಕೆಳಗೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೀರಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನೋದು "ಯೆ ನ ಕು ಕೊ" ಆಗುತ್ತೆ. ಆ ನಾಲ್ಕು ಅಕ್ಷರ ನೋಡ್ಕೊಂಡು ವಚನ ಹೇಳೋಕೆ ಪ್ರಯತ್ನ ಮಾಡಿ, ಬಂದ್ರೆ ಚೀಟಿ ಮುಚ್ಚಿ ಹೇಳಿ. ಪೂರ್ತಿ ಸಾಲು ನೋಡ್ಕೊಂಡು ಇಪ್ಪತ್ತು ಸಲ ಓದೋದಕ್ಕಿಂತ ಹೀಗೆ ತಡವರಿಸಿ ತಡವರಿಸಿ ನೆನಪಿಂದ ಎಳೆಯೋದು ಎಷ್ಟೋ ಗಟ್ಟಿ, ಆ ಕಷ್ಟದಲ್ಲೇ ಅದು ಒಳಗೆ ಕೂರೋದು.

ಇದರಲ್ಲಿ ಜನ ಎಡವೋ ಜಾಗ ಒಂದಿದೆ, 3ನೇ ವಚನದಿಂದ 4ಕ್ಕೆ ಹೋಗೋವಾಗ. ಅಲ್ಲಿವರೆಗೂ ದಾವೀದ ದೇವರ ಬಗ್ಗೆ ಹೇಳ್ತಾನೆ, ಆತನು ತಂಗಿಸುತ್ತಾನೆ, ಆತನು ನಡಿಸುತ್ತಾನೆ ಅಂತ. ಕಾರ್ಗತ್ತಲಿನ ಕಣಿವೆ ಬಂದ ತಕ್ಷಣ "ನೀನು" ಅಂತ ಶುರು ಮಾಡ್ತಾನೆ. ಹುಲ್ಲುಗಾವಲಲ್ಲಿ ಇದ್ದಾಗ ದೇವರ ಬಗ್ಗೆ ಮಾತಾಡ್ತಿದ್ದೋನು ಕತ್ತಲಾದಾಗ ದೇವರ ಜೊತೆನೇ ಮಾತಾಡ್ತಾನೆ. ಇದು ಒಂದ್ಸಲ ಕಣ್ಣಿಗೆ ಬಿದ್ರೆ ಸಾಕು, ಆಮೇಲೆ ಆ ಜಾಗದಲ್ಲಿ ತಪ್ಪೋಕೆ ಸಾಧ್ಯಾನೇ ಇಲ್ಲ. ಎಲ್ಲಿ ಪದೇ ಪದೇ ತಪ್ತೀರೋ ಅಲ್ಲಿ ನಿಂತು ಯಾಕೆ ಹೀಗೆ ಬರೆದಿದ್ದಾರೆ ಅಂತ ಕೇಳಿ, ಸಾಮಾನ್ಯವಾಗಿ ಅಲ್ಲೇ ಏನೋ ಇರುತ್ತೆ.

ಅಧ್ಯಾಯ ವಚನದ ನಂಬರ್ ಮರೀತೀನಿ ಅಂತ ಕೊರಗೋರಿಗೆ ಒಂದು ಮಾತು, ಆ ನಂಬರ್‌ಗಳು ಮೂಲದಲ್ಲಿ ಇರ್ಲೇ ಇಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಹೊಸ ಒಡಂಬಡಿಕೆಗೆ ಈಗಿರೋ ವಚನ ಸಂಖ್ಯೆ ಬಂದಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕನಿಂದ. ನೆನಪಿದ್ರೆ ಹುಡುಕೋಕೆ ಅನುಕೂಲ, ಹಾಗಾಗಿ ವಚನದ ಮುಂಚೆ ಒಂದ್ಸಲ ಕೊನೇಲಿ ಒಂದ್ಸಲ ನಂಬರ್ ಹೇಳೋ ಅಭ್ಯಾಸ ಇಟ್ಕೊಳ್ಳಿ, ಸಾಕು.

ರಿವಿಷನ್ ಇಲ್ದೆ ಏನೂ ಉಳಿಯಲ್ಲ. ಹೆರ್ಮನ್ ಎಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲೇ ಇದನ್ನ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದ, ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಸೋರಿ ಹೋಗುತ್ತೆ, ಆಮೇಲೆ ಸೋರೋದು ನಿಧಾನ ಆಗುತ್ತೆ ಅಂತ. ಅದಕ್ಕೇ ಹೊಸ ವಚನ ಮಾರನೇ ದಿನ ಖಂಡಿತ ಹೇಳ್ಕೊಳ್ಳಿ, ಮೂರು ದಿನ ಬಿಟ್ಟು ಒಂದ್ಸಲ, ವಾರ ಬಿಟ್ಟು, ಆಮೇಲೆ ತಿಂಗಳಿಗೊಂದ್ಸಲ. ಇದಕ್ಕೆ ಬೇರೆ ಟೈಮ್ ಮಾಡ್ಕೋತೀನಿ ಅಂದ್ರೆ ಆಗಲ್ಲ, ಹೇಗೂ ದಿನಾ ಮಾಡೋ ಕೆಲಸಕ್ಕೆ ಅಂಟಿಸಿ, ಪಾತ್ರೆ ತೊಳೆಯೋವಾಗ, ವಾಕಿಂಗ್ ಹೋಗೋವಾಗ, ಬಸ್ಸಿಗೆ ಕಾಯೋವಾಗ. ಆ್ಯಪ್ ಬೇಕಾದ್ರೆ ಹಾಕ್ಕೊಳ್ಳಿ, ಆದ್ರೆ ನೋಟಿಫಿಕೇಶನ್ ಬಂದಾಗ ನಾವೆಲ್ಲ ಏನು ಮಾಡ್ತೀವಿ ಅಂತ ಗೊತ್ತಲ್ಲ, ನಂಗಂತೂ ಪರ್ಸಲ್ಲಿ ಇಟ್ಟಿರೋ ಚೀಟಿ ಮೇಲೇ ನಂಬಿಕೆ.

ಇನ್ನು ಪ್ರಾರ್ಥನೆ, ಇದನ್ನ ಬಿಟ್ರೆ ಉಳಿದದ್ದೆಲ್ಲ ಪರೀಕ್ಷೆಗೆ ಓದಿದ ಹಾಗೆ. ಕಲಿತ ವಚನವನ್ನ ನಿಮ್ಮ ಮಾತಲ್ಲಿ ದೇವರಿಗೆ ತಿರುಗಿ ಹೇಳಿ. ಕೇಳೋದ್ರಲ್ಲಿ ಚುರುಕು, ಮಾತಲ್ಲೂ ಸಿಟ್ಟಲ್ಲೂ ನಿಧಾನ ಇರ್ಬೇಕು ಅನ್ನೋ ಯಾಕೋಬ 1:19 ಕಲೀತಿದ್ದೀರಾ, ಹಾಗಾದ್ರೆ "ಕರ್ತನೇ, ಇವತ್ತು ಆ ಮನುಷ್ಯ ಫೋನ್ ಮಾಡ್ತಾನೆ, ಅವನು ಮುಗಿಸೋವರೆಗೂ ಕೇಳಿಸ್ಕೊಳ್ಳೋ ತಾಳ್ಮೆ ಕೊಡಪ್ಪ" ಅಂತ ಹೆಸರು ಹೇಳಿ ಕೇಳಿ. ಯೋನನು ಮೀನಿನ ಹೊಟ್ಟೇಲಿ ಮಾಡಿದ ಪ್ರಾರ್ಥನೆ ಓದಿ, ಕೀರ್ತನೆಗಳ ಮಾತೇ ತುಂಬಿದೆ. ಯೇಸು ಶಿಲುಬೆ ಮೇಲೆ ಪ್ರಾಣ ಬಿಡೋವಾಗ ಹೇಳಿದ್ದೂ ಕೀರ್ತನೆ 31:5ರ ಮಾತೇ. ಅಂಥ ಹೊತ್ತಲ್ಲಿ ಪುಸ್ತಕ ತೆಗೆದು ಹುಡುಕೋಕೆ ಆಗಲ್ಲ, ಒಳಗೆ ಏನಿದೆಯೋ ಅದೇ ಬಾಯಿಗೆ ಬರೋದು.

ಸಂದರ್ಭ ಅಂತ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಫಿಲಿಪ್ಪಿ 4:13 ಅನ್ನ (ನನ್ನನ್ನ ಬಲಪಡಿಸೋನಿಂದ ನಾನು ಎಲ್ಲಕ್ಕೂ ಶಕ್ತ ಅನ್ನೋ ಮಾತು) ಪರೀಕ್ಷೆ ಪಾಸಾಗೋಕೆ, ಮ್ಯಾಚ್ ಗೆಲ್ಲೋಕೆ ಸ್ಟೇಟಸ್ ಹಾಕ್ಕೊಳ್ಳೋರು ಎಷ್ಟು ಜನ! ಪೌಲ ಅದನ್ನ ಬರೆದಿದ್ದು ಸೆರೇಲಿ ಕೂತು, ಮುಂಚಿನ ಎರಡು ವಚನದಲ್ಲಿ ಹಸಿವೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರೋದು ಕಲಿತೆ ಅಂತಾನೆ. 11ರಿಂದ 13 ಒಟ್ಟಿಗೆ ಕಲೀರಿ, ಸೋತ ದಿನಾನೂ ಆ ವಚನ ಕೈ ಬಿಡಲ್ಲ.

ಒಬ್ಬರು ಜೊತೆಗಿದ್ರೆ ತುಂಬ ಒಳ್ಳೇದು, ಗಂಡ ಹೆಂಡ್ತಿ, ಫ್ರೆಂಡ್, ಯಾರಾದ್ರೂ ಸರಿ, ವಾರಕ್ಕೊಂದ್ಸಲ ವಾಯ್ಸ್ ಮೆಸೇಜಲ್ಲಿ ಒಪ್ಪಿಸ್ಕೊಂಡ್ರೂ ಆಯ್ತು. ಮಕ್ಕಳಿಗೆ ರಾಗ ಹಾಕಿ ಕಲಿಸಿ, ನಮಗಿಂತ ಮುಂಚೆ ಅವರಿಗೇ ಬಂದುಬಿಡುತ್ತೆ.

ಮಧ್ಯ ಎರಡು ಮೂರು ವಾರ ಬಿಟ್ಟುಹೋದ್ರೆ ಹೊಸದು ಶುರು ಮಾಡ್ಬೇಡಿ, ಹಳೇದನ್ನೇ ಮತ್ತೆ ಹಿಡೀರಿ, ಎರಡನೇ ಸಲ ಅರ್ಧ ಹೊತ್ತಲ್ಲೇ ಬರುತ್ತೆ. ಎರಡು ಮೂರು ಕೀರ್ತನೆ ಗಟ್ಟಿ ಆದ್ಮೇಲೆ ರೋಮಾ 8ಕ್ಕೆ ಹೋಗಿ. 39 ವಚನ, ವಾರಕ್ಕೆ ಎರಡರ ಹಾಗೆ ಅಂದ್ರೆ 20 ವಾರ. 28ನೇ ವಚನ ಮುಂಚೆನೇ ಗೊತ್ತಿರುತ್ತೆ ಬಹಳ ಜನಕ್ಕೆ, ಆದ್ರೂ ಅಲ್ಲಿಂದ ಶುರು ಮಾಡ್ಬೇಡಿ, 1ರಿಂದಾನೇ ಬನ್ನಿ.